ಒಡೆದ ಹಾಲಿನ ಭಾಗ್ಯ

ಹನುಮಪ್ಪ ಹುಟ್ಟಿದ್ದು ನಮ್ಮ ಕಡೆ. ಗಂಗಾವತಿಯಿಂದ ಆನೆಗೊಂದಿಯತ್ತ ಹೊರಟರೆ ಅಂಜನಾದ್ರಿ ಸಿಗುತ್ತದೆ, 575 ಮೆಟ್ಟಿಲು ಹತ್ತಬೇಕು. ಅವ ನಮ್ಮಲ್ಲಿ ಹುಟ್ಟಿದವ ಎಂದು ತಿರುಪತಿಯವರೂ ತಕರಾರು ತೆಗೆದಿದ್ದಾರೆ. ಆ ವ್ಯಾಜ್ಯ ಇಲ್ಲಿ ಬೇಡ. ನಾನು ಹೇಳಹೊರಟಿದ್ದು ಜಿಮ್ಮಿನ ಹನುಮಪ್ಪನ ಸುದ್ದಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲಿ ಹೋದರೂ ಯಾವುದೋ ಮೊಬೈಲ್ ಅಂಗಡಿಯ ನೆತ್ತಿಯ ಮೇಲೊಂದು ಜಿಮ್ಮು ಇದ್ದೇ ಇರುತ್ತದೆ. ಗೋಡೆಗೆ ಎದೆ ಬಗೆದ ಹನುಮಪ್ಪ, ಪಕ್ಕದಲ್ಲಿ ಎದೆ ಉಬ್ಬಿಸಿದ ಆರ್ನಾಲ್ಡ್. ಇಬ್ಬರ ನಡುವೆ ಗಾಜಿನ ಕಪಾಟು, ಅದರೊಳಗೆ ಸಾಲಾಗಿ ಕರಿ ಡಬ್ಬಿಗಳು. ಊದಿನಕಡ್ಡಿ ಹನುಮಪ್ಪನಿಗೆ, ಎಲ್‌ಇಡಿ ದೀಪ ಡಬ್ಬಿಗಳಿಗೆ.

ಲಕ್ಷ್ಮಣ ಮೂರ್ಛೆ ಹೋದಾಗ ಸಂಜೀವಿನಿ ತರಲು ಹೋದ ಹನುಮಪ್ಪ ಗುಡ್ಡವನ್ನೇ ಹೊತ್ತು ತಂದನಲ್ಲ, ಪುರಾಣ ಹೇಳುವವರು ಅದನ್ನು ಅವನ ಬಲಕ್ಕೆ ಸಾಕ್ಷಿ ಎನ್ನುತ್ತಾರೆ. ನನಗನಿಸುವುದೇ ಬೇರೆ. ಗಿಡಕ್ಕೆ ಲೇಬಲ್ ಇರಲಿಲ್ಲ. ಇದ್ದಿದ್ದರೆ ಒಂದು ಟೊಂಗೆ ಮುರಿದುಕೊಂಡು ಬರುತ್ತಿದ್ದ. ಈಗಿನ ಡಬ್ಬಿಗಳದು ತಿರುಗಾಮುರುಗಾ: ಲೇಬಲ್ಲೇ ಒಂದು ಗುಡ್ಡ, ಅದರಲ್ಲಿ ಗಿಡ ಎಲ್ಲಿದೆ ಎಂದು ಹುಡುಕಬೇಕು.

ಕುಷ್ಟಗಿಯಲ್ಲಿರುವ ನಮ್ಮ ಅಕ್ಕನ ಮಗನಿಗೆ ಪೊಲೀಸ್ ಆಗುವ ಆಸೆ. ಪರೀಕ್ಷೆ ಪಾಸಾದರೆ ಸಾಲದು, ಉಸಿರು ಎಳೆದಾಗ ಎದೆ ಕನಿಷ್ಠ ಐದು ಸೆಂಟಿಮೀಟರ್ ಹಿಗ್ಗಿ 86 ಮುಟ್ಟಬೇಕು. ಹುಡುಗನ ತಲೆ ಹಿಗ್ಗಿದಷ್ಟು ಎದೆ ಹಿಗ್ಗಲಿಲ್ಲ. ಜಿಮ್ಮಿನ ಕೋಚ್ ಕಪಾಟಿನತ್ತ ಬೆರಳು ತೋರಿಸಿದ. ಐದಾರು ಸಾವಿರ ರೂಪಾಯಿಯ ಎರಡು ಕಿಲೋ ಡಬ್ಬಿ ಮನೆಗೆ ಬಂತು. ಜೊತೆಗೆ ಶೇಕರ್ ಪುಕ್ಕಟೆ. ಅವ್ವ ಕಣ್ಣಿಗೆ ಕನ್ನಡಕ ಏರಿಸಿ ವಿಚಾರಣೆಗೆ ಕೂತಳು.

“ಏನೋ ಇದು?”

“ಪ್ರೋಟೀನ್ ಪೌಡರ್, ಆಯಿ. ಹಾಲಿಂದ ಮಾಡಿದ್ದು.”

“ಹಾಲಿಂದಂದ್ರ ಕೆನಿದೋ, ಬೆಣ್ಣಿದೋ?”

“ಎರಡೂ ಅಲ್ಲ. ಹಾಲು ಒಡದ ಮ್ಯಾಲ ತಿಳಿನೀರು ಉಳೀತೈತಲ್ಲ, ಅದರದು.”

“ಅಯ್ಯ ಶಿವನ! ಅದನ್ನ ನಾ ಎಮ್ಮಿ ಮುಸುರ್ಯಾಗ ಸುರುವಿಕೋತ ಬಂದೀನಲ್ಲೋ, ಇಷ್ಟು ವರ್ಷ!”

ಸುರುವಿದ್ದು ಅವ್ವ ಒಬ್ಬಳೇ ಅಲ್ಲ. ಇಪ್ಪತ್ತನೆಯ ಶತಮಾನದ ಬಹುಪಾಲು ಯುರೋಪು ಅಮೆರಿಕದ ಚೀಸ್ ಕಾರ್ಖಾನೆಗಳೂ ಅದನ್ನೇ ಮಾಡಿದವು. ಹತ್ತು ಲೀಟರ್ ಹಾಲಿಗೆ ಸುಮಾರು ಒಂದು ಕಿಲೋ ಚೀಸ್ ಬಂದರೆ ಒಂಬತ್ತು ಲೀಟರ್ ಹಾಲೊಡಕು ಉಳಿಯುತ್ತದೆ. ಒಂದಷ್ಟನ್ನು ಹಂದಿಗೆ ಕುಡಿಸಿದರು, ಒಂದಷ್ಟನ್ನು ಹೊಲಕ್ಕೆ ಬಿಟ್ಟರು, ಮಿಕ್ಕಿದ್ದನ್ನು ಹೊಳೆಗೆ ಹರಿಸಿದರು. ಅದು ಊರ ಚರಂಡಿ ನೀರಿಗಿಂತ ನೂರು ಪಟ್ಟಿಗೂ ಹೆಚ್ಚು ಆಮ್ಲಜನಕ ಹೀರುವಂಥದ್ದು. ಮೀನು ಸತ್ತು ತೇಲಿದವು, ಸರಕಾರಗಳು ಕಾನೂನು ತಂದವು, ಹೊಳೆಗೆ ಬಿಡುವಂತಿಲ್ಲ ಎಂದವು. ಬಿಡುವಂತಿಲ್ಲವೆಂದ ಮೇಲೆ ಮಾರಲೇಬೇಕಲ್ಲ! 1970ರ ದಶಕದಲ್ಲಿ ಸೂಕ್ಷ್ಮ ಜಾಲರಿಯ ಸೋಸುಯಂತ್ರಗಳು ಬಳಕೆಗೆ ಬಂದವು. ನೀರು, ಸಕ್ಕರೆ, ಲವಣ ಆಚೆ ಹೋಗಿ ಪ್ರೋಟೀನು ಈಚೆ ಉಳಿಯಿತು. ಒಣಗಿಸಿದರೆ ಪುಡಿ. ಚಾಕಲೇಟ್ ವಾಸನೆ ಸೇರಿಸಿದರೆ ಐದು ಸಾವಿರ.

ಇನ್ನೂ ಹಿಂದಕ್ಕೆ ಹೋದರೆ ಇನ್ನೊಂದು ತಮಾಷೆ. 1749ರಿಂದ ಸ್ವಿಟ್ಜರ್ಲೆಂಡಿನ ಗುಡ್ಡಗಾಡಿನ ಗಾಯಿಸ್ ಎಂಬ ಹಳ್ಳಿಗೆ ಯುರೋಪಿನ ಸಿರಿವಂತರು ಮೇಕೆ ಹಾಲಿನ ಒಡಕು ಕುಡಿಯಲೆಂದೇ ಬಂದಿಳಿಯತೊಡಗಿದರು. ಎದೆರೋಗಕ್ಕೆ, ಹೊಟ್ಟೆಯ ಕಾಯಿಲೆಗೆ ಅದೇ ಮದ್ದೆಂದು ನಂಬಿಕೆ. ಅಂದರೆ ಈ ತಿಳಿನೀರಿಗೆ ಮೊದಲು ಪಟ್ಟ ಕಟ್ಟಿದರು, ಆಮೇಲೆ ಹಂದಿ ದೊಡ್ಡಿಗೆ ಅಟ್ಟಿದರು, ಈಗ ಮತ್ತೆ ಕರೆದು ಪಟ್ಟಕ್ಕೆ ಕೂರಿಸಿದ್ದಾರೆ. ನಮ್ಮ ರಾಜಕಾರಣಿಗಳಿಗೂ ಇಂಥ ಯೋಗ ಅಪರೂಪ.

ಪುಡಿಯಲ್ಲಿ ಸತ್ವವಿಲ್ಲವೆಂದು ನಾನು ಹೇಳುತ್ತಿಲ್ಲ. ಹಾಲಿನ ಪ್ರೋಟೀನಿನಲ್ಲಿ ಐದರಲ್ಲೊಂದು ಪಾಲು ಅದೇ; ಬೇಗ ಅರಗುತ್ತದೆ, ದೇಹಕ್ಕೆ ಬೇಕಾದ ಅಮೈನೋ ಆಮ್ಲಗಳೆಲ್ಲ ಇವೆ. ಒಂದು ಚಮಚೆ ಪುಡಿಗೆ ಸುಮಾರು ನಾಲ್ಕು ಲೀಟರ್ ಹಾಲೊಡಕು ಬೇಕು. ತಕರಾರು ಇರುವುದು ಡಬ್ಬಿಯ ಮೇಲಿನ ಬರಹದ ಬಗ್ಗೆ. ಎದೆ ಅಗಲವಾಗುತ್ತದೆ, ಹೊಟ್ಟೆ ಕರಗುತ್ತದೆ, ಹಸಿವು ಹತೋಟಿಗೆ ಬರುತ್ತದೆ, ರೋಗ ಹತ್ತಿರ ಸುಳಿಯುವುದಿಲ್ಲ. ಇಂಥ ಮಾತುಗಳನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಒಂದೊಂದಾಗಿ ಜರಡಿಗೆ ಹಾಕಿತು. ಪ್ರೋಟೀನು ಸ್ನಾಯು ಬೆಳೆಯಲು ನೆರವಾಗುತ್ತದೆ, ಸರಿ. ಆದರೆ ಬೇರೆ ಪ್ರೋಟೀನಿಗಿಲ್ಲದ ವಿಶೇಷ ಮಹಿಮೆ ಹಾಲೊಡಕಿನದಕ್ಕೆ ಇದೆ ಎನ್ನುವುದು ಸಾಬೀತಾಗಿಲ್ಲ ಎಂದು ತೀರ್ಪು ಕೊಟ್ಟಿತು. ನಮ್ಮಲ್ಲೂ 2018ರಲ್ಲಿ ಆಹಾರದ ಜಾಹೀರಾತಿಗೆಂದೇ ನಿಯಮಾವಳಿ ಬಂದಿದೆ. ಆದರೂ ಡಬ್ಬಿಯ ಮುಂದೆ ಸಿಂಹದ ಗರ್ಜನೆ, ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ‘ಔಷಧವಾಗಿ ಬಳಸತಕ್ಕದ್ದಲ್ಲ’. ಅಳಿಯ ಮುಂದಿನದನ್ನು ಓದುತ್ತಾನೆ. ಅವ್ವನ ಕನ್ನಡಕಕ್ಕೂ ಹಿಂದಿನದು ಕಾಣುವುದಿಲ್ಲ.

ಹೊಗಳಿಕೊಳ್ಳುವುದು ತಪ್ಪೆಂದೇನೂ ಅಲ್ಲ. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಅಲ್ಲಿಯ ಶಾಸನ ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ಅದೂ ಒಂದು ಜಾಹೀರಾತೇ ಅನ್ನಿ. ಆದರೆ ಶಾಸನದ ಪಕ್ಕದಲ್ಲೇ ಗುಡಿ ಇದೆ. ಬಸ್ಸಿಳಿದು ಕಂಬಗಳನ್ನು ಒಂದು ಸುತ್ತು ಹಾಕಿ ಬಂದವರು ಯಾರೂ ಜಗಳ ತೆಗೆದದ್ದನ್ನು ನಾನು ಕೇಳಿಲ್ಲ.

ಡಬ್ಬಿಯನ್ನು ಹಾಗೆ ಸುತ್ತು ಹಾಕಿ ನೋಡಲು ಬರುವುದಿಲ್ಲ. ಪ್ರೋಟೀನ್ ಅಳೆಯುವ ಹಳೆಯ ವಿಧಾನ ಯೋಹಾನ್ ಕೆಲ್ಡಾಲ್ ಎಂಬ ಡೆನ್ಮಾರ್ಕಿನವನದು, 1883ರದು. ಅವನಿದ್ದದ್ದು ಬೀರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ. ಆ ವಿಧಾನ ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಅದನ್ನು ಗುಣಿಸಿ ಪ್ರೋಟೀನ್ ಇಷ್ಟು ಎನ್ನುತ್ತಾರೆ. ಕೆಲ್ಡಾಲ್ ಸಾಹೇಬ ಸಜ್ಜನ, ವ್ಯಾಪಾರಿಗಳೂ ಸಜ್ಜನರೆಂದು ತಿಳಿದ. ಅಗ್ಗದ ಗ್ಲೈಸಿನ್, ಟಾರಿನ್ ಬೆರೆಸಿದರೆ ಸಾರಜನಕ ಏರುತ್ತದೆ, ಕಾಗದದ ಮೇಲೆ ಪ್ರೋಟೀನೂ ಏರುತ್ತದೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಬೆರೆಸಿ ಸುಮಾರು ಮೂರು ಲಕ್ಷ ಮಕ್ಕಳನ್ನು ಕಾಯಿಲೆ ಬೀಳಿಸಿದ್ದೂ ಇದೇ ಕಳ್ಳದಾರಿಯಲ್ಲಿ. ನಮ್ಮ ದೇಶದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಕೇರಳದ ಯಕೃತ್ ತಜ್ಞ ಸಿರಿಯಕ್ ಆಬಿ ಫಿಲಿಪ್ಸ್ ಮತ್ತು ಸಂಗಡಿಗರು ಪರೀಕ್ಷೆ ಮಾಡಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ ಸುಮಾರು ಎಪ್ಪತ್ತರಷ್ಟರಲ್ಲಿ ಲೇಬಲ್ಲಿಗೂ ಪುಡಿಗೂ ತಾಳ ಕೂಡಲಿಲ್ಲ. ಕೆಲವದರಲ್ಲಿ ಬರೆದದ್ದರ ಅರ್ಧ ಮಾತ್ರ ಇತ್ತು. ಕೆಲವದರಲ್ಲಿ ಬರೆಯದೇ ಇದ್ದ ಬೂಷ್ಟಿನ ವಿಷ ಸಿಕ್ಕಿತು.

ಇದನ್ನೆಲ್ಲ ಹೇಳಿದರೆ ಅಳಿಯ, “ಮಾಮಾ, ಹಂಗಾರ ನಮ್ಮ ಊಟದಾಗ ಏನೈತಿ ಹೇಳ್ರಿ?” ಎಂದ. ಏನಿದೆ ಎಂದು ಲೆಕ್ಕಕ್ಕೆ ಕೂತೆವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ದೇಹದ ತೂಕದ ಕಿಲೋಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕಿಲೋದ ಹುಡುಗನಿಗೆ ದಿನಕ್ಕೆ 50 ಗ್ರಾಂ. ಕಾಲು ಕಿಲೋ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 25. ಎರಡು ಹಿಡಿ ಶೇಂಗಾದಲ್ಲಿ 12. ಹೆಸರುಕಾಳಿನ ಪಲ್ಯವೋ ತೊಗರಿಬ್ಯಾಳಿಯೋ ಒಂಬತ್ತು. ಒಂದು ಚರಿಗೆ ಹಾಲು ಮೊಸರಿನಲ್ಲಿ ಹತ್ತು. ರೊಟ್ಟಿಯಲ್ಲಿ ಕಡಿಮೆ ಬೀಳುವ ಲೈಸಿನ್ ಎಂಬ ಅಮೈನೋ ಆಮ್ಲ ಕಾಳಿನಲ್ಲಿದೆ. ಯಾರೂ ಕಲಿಸದೆ ಇವೆರಡನ್ನೂ ಒಂದೇ ಗಂಗಾಳಕ್ಕೆ ಹಾಕಿದ ಅಜ್ಜಿಯರಿಗೆ ಒಂದು ಶರಣು. ಭಾರ ಎತ್ತುವವರಿಗೆ ಹೆಚ್ಚು ಬೇಕು, ದುಪ್ಪಟ್ಟಿನವರೆಗೂ ಬೇಕಾದೀತು, ನಿಜ. ಆದರೂ ಸ್ನಾಯು ಬೆಳೆಸಲೆಂದು ಪುಡಿಯ ಬೆನ್ನು ಹತ್ತಬೇಡಿ ಎಂದು ಅದೇ ಸಂಸ್ಥೆ 2024ರ ಮೇ ತಿಂಗಳ ಆಹಾರ ಮಾರ್ಗಸೂಚಿಯಲ್ಲಿ ಬಿಡಿಸಿ ಹೇಳಿದೆ.

ಭಾರ ಎತ್ತುವವರೆಂದಾಗ ನೆನಪಾಯಿತು. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳ ಮುಂದೆ ನಿಂತು ನೋಡಿ. ಅಲ್ಲಿಯ ಹಮಾಲರು ದಿನವಿಡೀ ಚೀಲ ಹೊರುತ್ತಾರೆ. ಜಿಮ್ಮಿನಲ್ಲಿ ಭಾರ ಎತ್ತಿ ಅಲ್ಲೇ ಇಡುತ್ತಾರೆ, ಇವರು ಲಾರಿಗೆ ಇಡುತ್ತಾರೆ. ಜಿಮ್ಮಿನವ ಭಾರ ಎತ್ತಲು ರೊಕ್ಕ ಕೊಡುತ್ತಾನೆ, ಇವರಿಗೆ ರೊಕ್ಕ ಕೊಡುತ್ತಾರೆ. ಕನ್ನಡಿ ಮಾತ್ರ ಇವರ ಮುಂದೆ ಯಾರೂ ಇಟ್ಟಿಲ್ಲ.

ಪುಡಿಗೆ ಮೊದಲು ನಮ್ಮ ಕಡೆ ಆಳಿದ್ದು ಹಾರ್ಲಿಕ್ಸ್. ಸರಕಾರಿ ದವಾಖಾನೆಗೆ ರೋಗಿ ನೋಡಲು ಹೋಗುವವರ ಕೈಯಲ್ಲಿ ಅರ್ಧ ಡಜನ್ ಬಾಳೆಹಣ್ಣು, ಒಂದು ಹಾರ್ಲಿಕ್ಸ್ ಬಾಟ್ಲಿ. ರೋಗಿ ಗುಣವಾದ ಮೇಲೆ ಬಾಟ್ಲಿಗೆ ಗುರೆಳ್ಳು ಚಟ್ನಿ. ಎತ್ತರ, ಬಲ, ಚುರುಕು ಎಂದು ಸಾರುತ್ತಿದ್ದ ಅದರ ಜಾಹೀರಾತನ್ನು 2008ರಲ್ಲಿ ಬ್ರಿಟನ್ನಿನ ಜಾಹೀರಾತು ಪ್ರಾಧಿಕಾರ ತಡೆಯಿತು. 2024ರಲ್ಲಿ ಸರಕಾರದ ಸೂಚನೆಯ ಬೆನ್ನಲ್ಲೇ ಅದು ‘ಹೆಲ್ತ್’ ಎಂಬ ಬಿರುದನ್ನು ಕೆಳಗಿಟ್ಟಿತು. ಈಗ ನಂದಿನಿಯೂ ಹಿಂದೆ ಬಿದ್ದಿಲ್ಲ: 2024ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾಲೊಡಕಿನ ಪ್ರೋಟೀನ್ ಬೆರೆಸಿದ ಇಡ್ಲಿ ದೋಸೆ ಹಿಟ್ಟು ಬಿಡುಗಡೆಯಾಯಿತು. ರೊಟ್ಟಿ ಹಿಟ್ಟಿಗೂ ಬೆರೆಸಿಯಾರು ಎಂದು ಅವ್ವನಿಗೆ ದಿಗಿಲು. “ಬಡಿಯಾಕ ಬರ್ತೈತೇನು ಅದು? ಬಿರೀತೈತಿ ಬಿಡು.”

ಪ್ರೋಟೀನು ನಿಜಕ್ಕೂ ಯಾರಿಗೆ ಕಡಿಮೆ ಬಿದ್ದಿದೆಯೋ ಅವರತ್ತ ಯಾವ ಜಾಹೀರಾತೂ ತಿರುಗಿ ನೋಡುವುದಿಲ್ಲ. 2021ರ ಡಿಸೆಂಬರಿನಲ್ಲಿ ಸರಕಾರ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಆರಿಸಿದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು, ಅಪೌಷ್ಟಿಕತೆಯ ಕಾರಣಕ್ಕೆ. ಕೆಲವು ಮಠಾಧೀಶರು ಬೇಡವೆಂದರು. ಆಗ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಮೈಕು ಹಿಡಿದು, ನಮಗೆ ಮೊಟ್ಟೆ ಬೇಕೇ ಬೇಕು, ಬೇಡವೆಂದರೆ ನಿಮ್ಮ ಮಠಕ್ಕೇ ಬಂದು ಒಂದಲ್ಲ ಎರಡು ತಿನ್ನುತ್ತೇವೆ ಎಂದು ಗುಡುಗಿದ್ದನ್ನು ರಾಜ್ಯವೇ ಮೊಬೈಲಿನಲ್ಲಿ ನೋಡಿತು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನು. ಅದರ ಮೇಲೆ ಏನನ್ನೂ ಬರೆದಿರುವುದಿಲ್ಲ. ಮೊಟ್ಟೆಯ ಪರವಾಗಿ ನಾನು ಕೇಳಿದ ಅತ್ಯುತ್ತಮ ಜಾಹೀರಾತು ಆ ಹುಡುಗಿಯ ಮಾತು, ಕಂಪನಿಗೆ ಖರ್ಚಿಲ್ಲದ್ದು, ಸುಳ್ಳಿಲ್ಲದ್ದು. ಮರುವರ್ಷ ಮೊಟ್ಟೆ ಇಡೀ ರಾಜ್ಯಕ್ಕೆ ವಿಸ್ತರಿಸಿತು.

ಮೊನ್ನೆ ಮನೆಯ ಎಮ್ಮೆ ಈಯಿತು. ಅವ್ವ ಗಿಣ್ಣ ಕಾಸಿ, ಬೆಲ್ಲ ಯಾಲಕ್ಕಿ ಹಾಕಿ, ಓಣಿಯ ಮನೆಮನೆಗೂ ಬಟ್ಟಲು ಕಳಿಸಿದಳು. ಮಧ್ಯಾಹ್ನ ಅಳಿಯ ಮೊಬೈಲು ಹಿಡಿದು ಓಡಿ ಬಂದ. ಅಮೆರಿಕದಲ್ಲಿ ಗಿಣ್ಣದ ಹಾಲನ್ನೂ ಒಣಗಿಸಿ ಪುಡಿ ಮಾಡಿ ಡಬ್ಬಿಗೆ ತುಂಬಿದ್ದಾರಂತೆ. ರೋಗನಿರೋಧಕ ಶಕ್ತಿ, ಕೂದಲು, ಚರ್ಮದ ಹೊಳಪು, ಎಲ್ಲಕ್ಕೂ ಅದೇ ಮದ್ದಂತೆ.

“ಆಯಿ, ರೇಟ್ ಕೇಳಿದ್ರ ಕುಂತಲ್ಲೇ ಕುಂದರ್ತಿ. ಇನ್ನ ಯಾರಿಗೂ ಪುಕ್ಕಟೆ ಕೊಡಬ್ಯಾಡ!”

“ಕೊಟ್ಟಾತಲ್ಲೋ. ಅವರು ಬಟ್ಟಲ ತುಂಬ ಜೋಳ ಹಾಕಿ ತಿರುಗಿ ಕಳಿಸ್ಯಾರ. ನಿನ್ನ ಆ ಖಾಲಿ ಡಬ್ಬಿ ತಗೊಂಬಾ, ಸುರುವಿ ಇಡ್ತೀನಿ.”