ಬಿಸಿಯೂಟದ ಮೊಟ್ಟೆ: ಒಂದು ಅಂಡಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಮಂಗಳಾಚರಣೆ ಇರಬೇಕು. ಆದರೆ ಈ ಪ್ರಬಂಧದ ವಸ್ತು ಕೋಳಿಮೊಟ್ಟೆಯಾದ್ದರಿಂದ ಯಾವ ದೇವರ ಹೆಸರೆತ್ತಿದರೂ ಯಾರದೋ ಭಾವನೆಗೆ ಧಕ್ಕೆಯಾಗುವ ಸಂಭವವಿದೆ. ಕೋಳಿಯನ್ನೇ ನೆನೆದು ಶುರುಮಾಡೋಣವೆಂದರೆ, ಇಷ್ಟು ವರ್ಷಗಳ ಚರ್ಚೆಯಲ್ಲಿ ಅದರ ಅಭಿಪ್ರಾಯವನ್ನು ಯಾರೂ ಕೇಳಿಲ್ಲ. ನಾನೊಬ್ಬ ಕೇಳಿದರೆ ಅಧಿಕಪ್ರಸಂಗವಾದೀತು. ಹಾಗಾಗಿ ಮಂಗಳಾಚರಣೆಯನ್ನು ಕೈಬಿಟ್ಟು ನೇರವಾಗಿ ಪದನಿಷ್ಪತ್ತಿಗೆ ಬರುತ್ತೇನೆ.

ಮೈಸೂರು ಸೀಮೆಯವರಿಗೆ ಇದು ಮೊಟ್ಟೆ, ಧಾರವಾಡ-ಕಲಬುರಗಿ ಕಡೆಯವರಿಗೆ ತತ್ತಿ, ಸಂಸ್ಕೃತದಲ್ಲಿ ಅಂಡ. ಬ್ರಹ್ಮಾಂಡವೆಂದರೆ ಬ್ರಹ್ಮನ ಮೊಟ್ಟೆ. ಅಂದರೆ ಮೊಟ್ಟೆಯನ್ನು ವಿರೋಧಿಸಿ ಪ್ರವಚನ ಮಾಡುವವರೂ ಒಂದು ದೊಡ್ಡ ಮೊಟ್ಟೆಯ ಒಳಗೇ ಕೂತು ಮಾಡುತ್ತಿದ್ದಾರೆ. ಹಸಿ ಇರುವವರೆಗೆ ಯಾರ ಆಕ್ಷೇಪವೂ ಇಲ್ಲ, ಬೇಯಿಸಿ ಬಡವರ ಮಕ್ಕಳ ತಟ್ಟೆಗೆ ಹಾಕಿದಾಗಲೇ ಅದು ತಾತ್ತ್ವಿಕ ಸಮಸ್ಯೆಯಾಗುತ್ತದೆ. ಇನ್ನು ‘ದ್ವಿಜ’ ಎಂಬ ಪದಕ್ಕೆ ನಿಘಂಟಿನಲ್ಲಿ ಹಕ್ಕಿ ಎಂಬ ಅರ್ಥವೂ ಇದೆ. ಮೊಟ್ಟೆಯಾಗಿ ಒಮ್ಮೆ, ಮರಿಯಾಗಿ ಇನ್ನೊಮ್ಮೆ, ಎರಡು ಸಲ ಹುಟ್ಟುವುದರಿಂದ ಬಂದ ಬಿರುದು. ಆ ಲೆಕ್ಕದಲ್ಲಿ ಮೊಟ್ಟೆಯೆಂಬುದು ಉಪನಯನಕ್ಕೆ ಮುಂಚಿನ ಅವಸ್ಥೆ. ಈ ವಾದವನ್ನು ಇನ್ನೂ ಬೆಳೆಸುವುದು ನನ್ನ ಕ್ಷೇಮಕ್ಕೆ ಒಳ್ಳೆಯದಲ್ಲ.

ಕನ್ನಡ ಶಾಲೆಗಳಿಗೆ ಮೊಟ್ಟೆ ಹೊಸದೆಂದು ತಿಳಿದವರಿದ್ದಾರೆ. ಅದು ಚಾರಿತ್ರಿಕ ಪ್ರಮಾದ. ನಮ್ಮ ಗಣಿತದ ಮೇಷ್ಟ್ರು ಅದನ್ನು ಉತ್ತರಪತ್ರಿಕೆಯ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಧಾರಾಳವಾಗಿ ಇಡುತ್ತಿದ್ದರು. ಜಾತಿಮತ ನೋಡುತ್ತಿರಲಿಲ್ಲ, ಸಸ್ಯಾಹಾರಿಗಳಿಗೆ ರಿಯಾಯಿತಿಯೂ ಇರಲಿಲ್ಲ. ‘ಎಷ್ಟು ಬಂತೋ?’ ಎಂದರೆ ‘ಮೊಟ್ಟೆ’ ಎನ್ನುತ್ತಿದ್ದೆವು. ಅದಕ್ಕಾಗಿ ಯಾವ ಪೋಷಕರೂ ವರ್ಗಾವಣೆ ಪತ್ರ ಕೇಳಲಿಲ್ಲ, ಯಾವ ಮಠವೂ ಹೇಳಿಕೆ ಕೊಡಲಿಲ್ಲ. ಬದಲಿಗೆ ಬಾಳೆಹಣ್ಣು ಪಡೆಯುವ ಆಯ್ಕೆಯೂ ಇರಲಿಲ್ಲ. ಇದ್ದಿದ್ದರೆ ಕನಿಷ್ಠ ಒಂದು ಅಂಕದ ಆಕಾರವಾದರೂ ದಕ್ಕುತ್ತಿತ್ತು.

ಹಾಳೆಯ ಮೇಲಿನ ಮೊಟ್ಟೆ ತಟ್ಟೆಗೆ ಇಳಿದ ಕಥೆ ಸ್ವಲ್ಪ ಉದ್ದದ್ದು. ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಿ ಎಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಮರುವರ್ಷ ಕರ್ನಾಟಕದಲ್ಲಿ ಬಿಸಿಯೂಟ ಶುರುವಾಯಿತು. ಅದಕ್ಕಿಟ್ಟ ಹೆಸರು ‘ಅಕ್ಷರ ದಾಸೋಹ’. ಶರಣರ ಮಾತು, ಒಳ್ಳೆಯ ಹೆಸರು. ದಾಸೋಹದಲ್ಲಿ ಏನು ಬಡಿಸಬೇಕೆಂಬ ಜಗಳ ಹೆಸರಿನೊಳಗೇ ಇದೆಯೆಂದು ಆಗ ಯಾರಿಗೂ ಹೊಳೆಯಲಿಲ್ಲ. ಪಕ್ಕದ ತಮಿಳುನಾಡಿನಲ್ಲಿ ಎಂಜಿಆರ್ 1982ರಲ್ಲೇ ಪೌಷ್ಟಿಕ ಊಟ ತಂದಿದ್ದರು, 1989ರಲ್ಲಿ ಕರುಣಾನಿಧಿ ಅದಕ್ಕೆ ಮೊಟ್ಟೆ ಸೇರಿಸಿದರು. ನಾಮಕ್ಕಲ್ಲಿನ ಮೊಟ್ಟೆ ಲಾರಿಯಲ್ಲಿ ಹೊಸೂರು ದಾಟಿ ಬೆಂಗಳೂರಿನ ಅಂಗಡಿಗೆ ಬರಲು ಒಂದು ರಾತ್ರಿ ಸಾಕು. ಅದೇ ಮೊಟ್ಟೆಯ ವಿಚಾರ ಹೊಸೂರು ದಾಟಿ ನಮ್ಮ ಶಾಲೆಗೆ ಬರಲು ಮೂವತ್ತೆರಡು ವರ್ಷ ಹಿಡಿಯಿತು. ನಡುವೆ ಪ್ರಸ್ತಾಪವೇನೋ ಬಂದಿತ್ತು, ಕಾವು ಸಾಲದೆ ಕೆಟ್ಟಿತು.

ಕೊನೆಗೆ 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಈ ಏಳು ಜಿಲ್ಲೆಗಳ ಮಕ್ಕಳಿಗೆ ಮೊಟ್ಟೆ ಬಂತು. ಗಮನಿಸಿ, ಏಳೂ ತತ್ತಿ ಎನ್ನುವ ಜಿಲ್ಲೆಗಳು. ಮೊಟ್ಟೆಗೆ ವಿರೋಧವಿದ್ದದ್ದು ಹೌದು, ತತ್ತಿಗೆ ಇರಲಿಕ್ಕಿಲ್ಲವೆಂದು ಸರ್ಕಾರ ಭಾವಿಸಿದಂತಿದೆ. ಆದರೆ ಮಠಾಧೀಶರಲ್ಲಿ ಕೆಲವರಿಗೆ ಎರಡೂ ಪದ ಗೊತ್ತಿದ್ದವು.

ಇಲ್ಲಿಂದ ಶಾಸ್ತ್ರ. ಪೂರ್ವಪಕ್ಷದವರು ಎತ್ತುವ ಆಕ್ಷೇಪಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಪಂಕ್ತಿಭೇದ. ಕೆಲವರಿಗೆ ಮೊಟ್ಟೆ, ಕೆಲವರಿಗೆ ಬಾಳೆಹಣ್ಣು ಕೊಟ್ಟರೆ ಎಳೆಯ ಮನಸ್ಸಿನಲ್ಲಿ ಭೇದಭಾವ ಹುಟ್ಟುತ್ತದಂತೆ. ಪಂಕ್ತಿಭೇದವೆಂಬ ಪದವನ್ನು ಈ ನಾಡಿಗೆ ಕೊಟ್ಟು, ಶತಮಾನಗಟ್ಟಲೆ ಅದನ್ನು ಊಟದೆಲೆಯ ಮುಂದೆ ಪಾಲಿಸಿ ತೋರಿಸಿದವರ ಕಡೆಯಿಂದಲೇ ಈ ಕಾಳಜಿ ಬಂದಿರುವುದರಿಂದ ಇದಕ್ಕೆ ಅನುಭವದ ತೂಕವಿದೆ. ಅಲ್ಲಗಳೆಯುವಂತಿಲ್ಲ. ಎರಡನೆಯ ಆಕ್ಷೇಪ ವೈಜ್ಞಾನಿಕವಾದದ್ದು. ರಾಷ್ಟ್ರೀಯ ಶಿಕ್ಷಣ ನೀತಿಗಾಗಿ 2022ರಲ್ಲಿ ಕರ್ನಾಟಕದಿಂದ ಹೋದ ಒಂದು ನಿಲುವು ಪತ್ರವು ಮೊಟ್ಟೆ-ಮಾಂಸದ ನಿಯಮಿತ ಸೇವನೆಯಿಂದ ಜೀವನಶೈಲಿಯ ಕಾಯಿಲೆಗಳು ಬರುತ್ತವೆಂದು ಎಚ್ಚರಿಸಿತು. ಮೊಟ್ಟೆ ಕೊಟ್ಟದ್ದು ಬಿಜೆಪಿ ಸರ್ಕಾರ, ಪತ್ರ ಹೋದದ್ದೂ ಅದೇ ಸರ್ಕಾರದ ಕಾಲದಲ್ಲಿ. ಒಂದು ಕೈ ಬಡಿಸಿತು, ಇನ್ನೊಂದು ಕೈ ತಿನ್ನಬೇಡವೆಂದು ಬರೆಯಿತು. ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಇವರಿಗೆ ಜೀವನಶೈಲಿಯ ಕಾಯಿಲೆ ಬರಬೇಕಾದರೆ ಮೊದಲು ಜೀವನಕ್ಕೊಂದು ಶೈಲಿ ಬರಬೇಕು.

ನೈಯಾಯಿಕರು ಜ್ಞಾನಕ್ಕೆ ನಾಲ್ಕು ಪ್ರಮಾಣ ಹೇಳುತ್ತಾರೆ. ಅನುಮಾನದಲ್ಲಿ ನಮ್ಮ ರಾಜಕಾರಣ ಎಂದೂ ಹಿಂದೆ ಬಿದ್ದಿಲ್ಲವಾದ್ದರಿಂದ ಅದನ್ನು ಮೊದಲು ನೋಡೋಣ. ಮೊಟ್ಟೆ ತಿನ್ನುತ್ತಿದ್ದ ಯಾದಗಿರಿಯ ಮಕ್ಕಳನ್ನೂ ತಿನ್ನದ ಗದಗದ ಮಕ್ಕಳನ್ನೂ ತೂಕಕ್ಕೆ ನಿಲ್ಲಿಸಿದ ಅಧ್ಯಯನವೊಂದು ನಡೆಯಿತು. ಯಾದಗಿರಿಯವರ ತೂಕ ಹೆಚ್ಚು ಏರಿತ್ತು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬ ತರ್ಕಶಾಸ್ತ್ರದ ಹಳೆಯ ಉದಾಹರಣೆಯನ್ನು ಇನ್ನು ಬದಲಾಯಿಸಿಕೊಳ್ಳಬಹುದು. ಉಪಮಾನಕ್ಕೆ ಬಾಳೆಹಣ್ಣು. ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನು, ಬಾಳೆಹಣ್ಣಿನಲ್ಲಿ ಸುಮಾರು ಒಂದು. ಗೋವಿನಂತೆ ಗವಯ ಎಂದ ಹಾಗೆ ಮೊಟ್ಟೆಯಂತೆ ಬಾಳೆಹಣ್ಣು ಎಂದು ಸುತ್ತೋಲೆ ಹೇಳುತ್ತದೆ. ಚಿಕ್ಕಿ ಎಂಬ ಮೂರನೆಯ ದರ್ಶನವೂ ಇತ್ತು. 2025ರಲ್ಲಿ ಅದನ್ನು ಕೈಬಿಟ್ಟರು. ಕಡಲೆಬೀಜದ ಪರವಾಗಿ ಯಾರೂ ಬೀದಿಗಿಳಿಯಲಿಲ್ಲ.

ಶಬ್ದಪ್ರಮಾಣವೆಂದರೆ ಆಪ್ತವಾಕ್ಯ. ಗಾಂಧೀಜಿ 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿದ್ದಾಗ ಆರೋಗ್ಯದ ಬಗ್ಗೆ ಬರೆಯುತ್ತ, ಮರಿಯಾಗದ ಮೊಟ್ಟೆಯ ಬಗ್ಗೆ ಹಾಲು ಕುಡಿಯುವವರು ಆಕ್ಷೇಪಿಸಬೇಕಾಗಿಲ್ಲ ಎಂದರು. ಇಂದಿನ ಫಾರಂ ಮೊಟ್ಟೆಗಳು ಹುಂಜದ ಮುಖ ಕಾಣದವು, ಕಾವು ಕೊಟ್ಟರೂ ಮರಿಯಾಗದವು. ಗಾಂಧೀಜಿ ತಾವು ತಿನ್ನುತ್ತಿರಲಿಲ್ಲ. ತಾನು ತಿನ್ನದ್ದನ್ನು ಇನ್ನೊಬ್ಬರು ತಿಂದರೆ ತೊಂದರೆಯಿಲ್ಲ ಎನ್ನುವ ಈ ವಿಚಿತ್ರ ನಿಲುವು ಅವರೊಂದಿಗೇ ಹೋಯಿತು.

ಉಳಿದದ್ದು ಪ್ರತ್ಯಕ್ಷ. 2021ರ ಆ ಗಲಾಟೆಯ ನಡುವೆ ಕೊಪ್ಪಳ ಜಿಲ್ಲೆಯ ಒಬ್ಬ ವಿದ್ಯಾರ್ಥಿನಿ, ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ಮಠಕ್ಕೇ ಬಂದು ಕೂತು ತಿನ್ನುತ್ತೇವೆ ಎಂದುಬಿಟ್ಟಳು. ರಾಜ್ಯವೆಲ್ಲ ಆ ವಿಡಿಯೊ ನೋಡಿತು. ಇಡೀ ವಿವಾದದಲ್ಲಿ ಹಸಿದವರ ಕಡೆಯಿಂದ ಬಂದ ಗಟ್ಟಿ ಮಾತು ಅದೊಂದೇ ಎಂಬುದು ನನ್ನ ಅಭಿಪ್ರಾಯ. ಮಿಕ್ಕ ಪ್ರಮಾಣಗಳನ್ನೆಲ್ಲ ಮಂಡಿಸಿದವರು ಊಟ ಮಾಡಿಯೇ ಮಾತಾಡಲು ಬಂದಿದ್ದರು, ನನ್ನನ್ನೂ ಸೇರಿಸಿ.

ಮುಂದಿನ ಸರ್ಕಾರ ಬಂತು. ಮೊಟ್ಟೆ ವಾರಕ್ಕೆ ಎರಡಾಯಿತು, ಹತ್ತನೆಯ ತರಗತಿಯವರೆಗೂ ಹೋಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಇನ್ನು ನಾಲ್ಕು ದಿನದ್ದು ನನ್ನದೆಂದಿತು. ಈಗ ವಾರಕ್ಕೆ ಆರು. ಎರಡು ಸರ್ಕಾರದ ಮೊಟ್ಟೆ, ನಾಲ್ಕು ದಾನದ ಮೊಟ್ಟೆ, ಭಾನುವಾರದ್ದು ಅವರವರ ಹಣೆಬರಹ.

ಅರ್ಥಶಾಸ್ತ್ರದ ಅಧ್ಯಾಯ ಚಿಕ್ಕದು, ಏಕೆಂದರೆ ದುಡ್ಡೂ ಚಿಕ್ಕದು. ಒಂದು ಮೊಟ್ಟೆಗೆ ಆರು ರೂಪಾಯಿ. ಅದರಲ್ಲೇ ಬೇಯಿಸುವ ಇಂಧನಕ್ಕೆ 50 ಪೈಸೆ, ಸಿಪ್ಪೆ ಸುಲಿಯುವ ಕೂಲಿ 30 ಪೈಸೆ. ಸಂತೆಯಲ್ಲಿ ಮೊಟ್ಟೆಗೆ ಏಳು ರೂಪಾಯಿ ಆದ ದಿನ ವ್ಯತ್ಯಾಸವನ್ನು ತುಂಬುವವರು ಮುಖ್ಯ ಶಿಕ್ಷಕರು. ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಪುರಾತನ ಪ್ರಶ್ನೆಗೆ ಶಿಕ್ಷಣ ಇಲಾಖೆ ಉತ್ತರ ಕಂಡುಹಿಡಿದಿದೆ: ಮೊದಲು ಹೆಡ್‌ಮಾಸ್ತರರ ಜೇಬು, ಆಮೇಲೆ ಮೊಟ್ಟೆ, ಕೊನೆಗೆ ಬಿಲ್ಲು.

ಕ್ಷೇತ್ರಕಾರ್ಯವಿಲ್ಲದ ಪ್ರಬಂಧವನ್ನು ಈಗ ಯಾರೂ ಒಪ್ಪುವುದಿಲ್ಲವಾದ್ದರಿಂದ ತತ್ತಿ ಸೀಮೆಯ ಒಂದು ಶಾಲೆಗೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಮುಖ್ಯ ಅಡುಗೆಯಮ್ಮನನ್ನು, ‘ಅಮ್ಮಾ, ಆಹಾರ ಸಂಸ್ಕೃತಿಯ ಈ ಸಂಘರ್ಷವನ್ನು ನೀವು ಹೇಗೆ ನೋಡ್ತೀರಿ?’ ಎಂದು ಕೇಳಿದೆ. ಆಕೆ ನೋಡಿದ್ದು ಗೋಡೆಯ ಗಡಿಯಾರವನ್ನು.

‘ಮಾತಾಡ್ಕೋತ ನಿಂತ್ರ ಹೊತ್ತ ಆಗತೈತ್ರಿ ಸರ. ಹುಡುಗ್ರು ಬರತಾವು. ಬರ್ರಿ, ಈ ಕಡಿ ಕುಂದರ್ರಿ, ಎರಡ ತತ್ತಿ ಸುಲದ ಹಾಕ್ರಿ.’

ಬಕೆಟ್ಟಿನ ಮುಂದೆ ಕೂತೆ. ನಾನು ಚೂಪಾದ ತುದಿಯನ್ನು ಕುಟ್ಟುತ್ತಿದ್ದೆ. ‘ದಪ್ಪನ ಕಡಿ ಕುಟ್ರಿ ಸರ, ಗಾಳಿ ಅಲ್ಲಿರತೈತಿ’ ಎಂದಳು. ಅಲ್ಲಿಯವರೆಗೆ ನಾನು ಗಾಳಿ ಇರುವುದು ಚರ್ಚೆಯಲ್ಲಿ ಮಾತ್ರವೆಂದು ತಿಳಿದಿದ್ದೆ. ಎರಡು ಮೊಟ್ಟೆಗಳ ಬಿಳಿಭಾಗ ಸಿಪ್ಪೆಗೇ ಅಂಟಿಕೊಂಡು ಹೋಯಿತು. ಒಂದು ಬಿಸಿಗೆ ಕೈಜಾರಿ ಸಾಂಬಾರಿನ ಹಂಡೆಗೆ ಬಿತ್ತು. ಆ ದಿನದ ಸಾಂಬಾರಿನ ತಾತ್ತ್ವಿಕ ಸ್ಥಾನಮಾನದ ಬಗ್ಗೆ ಆಕೆಯೂ ನಾನೂ ಇಂದಿಗೂ ಬಾಯಿ ಬಿಟ್ಟಿಲ್ಲ. ನಾನು ಹನ್ನೊಂದು ಸುಲಿದು ಏಳುವ ಹೊತ್ತಿಗೆ ಆಕೆ ಎರಡು ಟ್ರೇ ಮುಗಿಸಿದ್ದಳು.

ಗಂಟೆ ಹೊಡೆಯಿತು. ವರಾಂಡದಲ್ಲಿ ಪಂಕ್ತಿ ಕೂತಿತು. ಭೇದ ಹುಡುಕಿಕೊಂಡು ಈ ತುದಿಯಿಂದ ಆ ತುದಿಗೆ ನಡೆದೆ. ಹಳದಿ ಸೇರದ ಒಬ್ಬ ಹುಡುಗ ಅದನ್ನು ಎಡಪಕ್ಕದವನ ತಟ್ಟೆಗೆ ಜಾರಿಸುತ್ತಿದ್ದ. ಬಲಪಕ್ಕದ ಹುಡುಗಿ ತನ್ನ ಬಾಳೆಹಣ್ಣನ್ನು ಮುರಿದು ಅರ್ಧ ಅವನಿಗೆ ಕೊಟ್ಟಳು. ಈ ವಿನಿಮಯದ ದರ ಎಲ್ಲಿ ನಿಗದಿಯಾದದ್ದೆಂದು ಕೇಳಿದೆ. ಬಾಯಿ ತುಂಬಿದ್ದರಿಂದ ಮೂವರೂ ಉತ್ತರಿಸಲಿಲ್ಲ.

ಹೊರಡುವಾಗ, ಹನ್ನೊಂದು ಮೊಟ್ಟೆಗೆ ಮೂವತ್ತು ಪೈಸೆಯ ಹಾಗೆ ನನ್ನ ಕೂಲಿ ಎಷ್ಟಾಯಿತೆಂದು ಹೆಡ್‌ಮಾಸ್ತರರನ್ನು ಕೇಳಿದೆ. ಹಾಳಾದ ಎರಡನ್ನೂ ಹಂಡೆಗೆ ಬಿದ್ದ ಒಂದನ್ನೂ ಅವರು ದೊಡ್ಡ ಮನಸ್ಸಿನಿಂದ ಲೆಕ್ಕಕ್ಕೆ ಸೇರಿಸಿಕೊಂಡರು. ಮೂರು ರೂಪಾಯಿ ಮೂವತ್ತು ಪೈಸೆ. ಅನುದಾನ ಬಂದ ಮೇಲೆ ಕೊಡುವುದಾಗಿ ಹೇಳಿ ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಂಡರು. ಇನ್ನೂ ಬಂದಿಲ್ಲ.