ಕೆಸರಿನ ದಾಯಾದಿ

ಹೆಸರು ನೆಮಾಟೊಸ್ಟೆಲ್ಲಾ ವೆಕ್ಟೆನ್ಸಿಸ್. ಕುಲ ಕಡಲ ಅನೆಮೋನಿ. ವಿಜ್ಞಾನಿಗಳ ದಾಖಲೆ ಸೇರಿದ್ದು 1935ರಲ್ಲಿ, ಇಂಗ್ಲೆಂಡಿನ ವೈಟ್ ದ್ವೀಪದಿಂದ. ತವರು ಮಾತ್ರ ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಉಪ್ಪು ಜೌಗು. ಮೈಯನ್ನೆಲ್ಲ ಕೆಸರಲ್ಲಿ ಹುಗಿದು, ಗ್ರಹಣಾಂಗಗಳನ್ನಷ್ಟೇ ಹೊರಗಿಟ್ಟು ಮಾತಿಗೆ ಕೂತರು. (ನಿಲ್ಲುವುದು, ಕೂರುವುದು ಎರಡೂ ಅವರಿಗೆ ಒಂದೇ.)

ತಮ್ಮನ್ನು ‘ಸರಳ ಜೀವಿ’ ಅನ್ನುತ್ತಾರಲ್ಲ?

ಅನ್ನುವವರು ಯಾರು, ಸ್ವಾಮಿ? ನಿಮ್ಮಲ್ಲಿ ಜೀನುಗಳು 20,000ದ ಆಸುಪಾಸು. ನನ್ನಲ್ಲಿ ಸುಮಾರು 18,000. 2007ರಲ್ಲಿ ನನ್ನ ಜೀನೋಮ್ ಪ್ರಕಟವಾದಾಗಿನಿಂದ ಆ ಮಾತನ್ನು ಸ್ವಲ್ಪ ಮೆಲ್ಲಗೆ ಆಡುತ್ತಾರೆ.

ಆದರೂ ನಮಗೆ ಹತ್ತಿರದ ನೆಂಟ ಹಣ್ಣುನೊಣವೇ ತಾನೆ?

ವಂಶವೃಕ್ಷದಲ್ಲಿ ಹೌದು. ಆದರೆ ಅದು ಹಿರಿಯರ ಆಸ್ತಿಪತ್ರ ಕಳಕೊಂಡು ಪೇಟೆ ಸೇರಿದ ಮಗ. ವಿಂಟ್ ಎಂಬ ಜೀನು ಮನೆತನದ 12 ಕವಲುಗಳು ನಿಮ್ಮಲ್ಲಿವೆ. ನನ್ನಲ್ಲಿ 11. ನೊಣದಲ್ಲಿ ಉಳಿದಿರುವುದು ಬರೀ ಏಳು ಜೀನು. ಜೀನುಗಳ ಒಳಗೆ ನಡುನಡುವೆ ಬರುವ ಇಂಟ್ರಾನ್ ಎಂಬ ತುಣುಕುಗಳು ಕೂಡ ನಿಮಗೂ ನನಗೂ ಬಹುಪಾಲು ಅದೇ ಅದೇ ಜಾಗದಲ್ಲಿವೆ. ಪತ್ರದ ಪೆಟ್ಟಿಗೆ ಕೆಸರುಮನೆಯಲ್ಲೇ ಭದ್ರವಾಗಿತ್ತು.

ಅಂದರೆ ನೀವೇ ನಮ್ಮ ಪೂರ್ವಜರು!

ಛೆ, ಬದುಕಿರುವವರಿಗೆ ಎಡೆ ಇಡಬೇಡಿ. ದಾಯಾದಿ ಅಷ್ಟೇ. ಪಾಲಾಗಿ ಏನಿಲ್ಲವೆಂದರೂ 50 ಕೋಟಿ ವರ್ಷ ಕಳೆದಿದೆ. ಆ ಕಾಲವೆಲ್ಲ ವಿಕಾಸ ನಿಮಗೊಬ್ಬರಿಗೇ ಆಯಿತು ಅಂದುಕೊಂಡಿರಾ?

ಮೆದುಳಿಲ್ಲ, ಬೆನ್ನಿಲ್ಲ. ಅಷ್ಟು ಜೀನು ಇಟ್ಟುಕೊಂಡು ಮಾಡುವುದೇನು?

ಹೊರಗೆ ದುಂಡಗಿದ್ದೇನೆ, ಒಳಗೆ ನನಗೂ ಎರಡು ಬದಿಗಳಿವೆ. ನಿಮ್ಮ ಭ್ರೂಣದಲ್ಲಿ ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಎಂದು ಗೊತ್ತುಮಾಡುವ ಬಿಎಂಪಿ ಸಂಕೇತವೇ ನನ್ನ ಭ್ರೂಣದಲ್ಲೂ ಬದಿಗಳನ್ನು ಗೊತ್ತುಮಾಡುತ್ತದೆ. ನಿಮ್ಮಲ್ಲಿ ಕುತ್ತಿಗೆಯ ಮೂಳೆ ಯಾವುದು, ಸೊಂಟದ್ದು ಯಾವುದು ಎಂದು ಹೇಳುವ ಹಾಕ್ಸ್ ಜೀನುಗಳ ಬಳಗ ನನ್ನ ಒಡಲಿನ ಎಂಟು ಕೋಣೆಗಳಿಗೆ ಗೋಡೆ ಎಲ್ಲೆಲ್ಲಿ ಎಂದು ಗುರುತು ಹಾಕುತ್ತದೆ. ನೀವು ಬೆನ್ನೆಲುಬು ಕಟ್ಟಿಕೊಂಡಿರಿ. ಅದಕ್ಕೆ ಹಚ್ಚುವ ನೋವಿನೆಣ್ಣೆಯ ಖರ್ಚು ನನಗಿಲ್ಲ.

ತಪ್ಪು ತಿಳಿಯಬೇಡಿ, ಉಣ್ಣುವುದೂ ವಿಸರ್ಜಿಸುವುದೂ ಒಂದೇ ಬಾಯಿಂದ ಅಂತೆ...

ಎರಡು ದಾರಿ ಇದ್ದೂ ಹೊಲಸನ್ನೆಲ್ಲ ಬಾಯಿಂದಲೇ ಹೊರಹಾಕುವವರು ನಿಮ್ಮ ಟಿವಿ ಚರ್ಚೆಗಳಲ್ಲಿ ಕಡಿಮೆಯೇ?

ಪ್ರಯೋಗಾಲಯದ ಬಾಳು ಹೇಗಿದೆ?

ಊಟಕ್ಕೆ ಸಿಗಡಿಜಾತಿಯ ಮರಿಗಳು, ಕೊರತೆಯಿಲ್ಲ. ರಾತ್ರಿ ದೀಪ ಹಾಕಿ ನೀರು ಬೆಚ್ಚಗೆ ಮಾಡುತ್ತಾರೆ, ಮೊಟ್ಟೆ ಇಡುತ್ತೇನೆ. ಅಡ್ಡಕ್ಕೆ ಕತ್ತರಿಸಿದರೆ ಎರಡು ತುಂಡೂ ಪೂರ್ತಿ ಮೈ ಬೆಳೆಸಿಕೊಳ್ಳುತ್ತವೆ. ಅಂದಹಾಗೆ, ಈ ಸಂದರ್ಶನದ ಸಂಭಾವನೆಯನ್ನು ಎರಡು ಚೆಕ್ಕಾಗಿ ಬರೆಯಿರಿ. ನಾಳೆ ಬ್ಲೇಡಿನ ಕೆಳಗೆ ನನ್ನ ಸರದಿಯಂತೆ.