ಗೇರ್‌ಬಾಕ್ಸ್ ಇಳಿಸೋ ಮುಂಚೆ

ಕೊಡಿ ಮೇಷ್ಟ್ರೇ, ಆ ಎಸ್ಟಿಮೇಟ್ ಈ ಕಡೆ ಕೊಡಿ. ಕಾಂಪೌಂಡಿನ ಆಚೆಯಿಂದ ನೀವು ಓದಿ ಹೇಳಿದ್ರೆ ಆಗೋಲ್ಲ, ನಾನೇ ನೋಡ್ಬೇಕು. ಹೂಂ... ಗೇರ್‌ಬಾಕ್ಸ್ ಅಸೆಂಬ್ಲಿ ಪೂರ್ತಿ ಬದಲಾವಣೆ. ಕೂಲಿ, ತೆರಿಗೆ ಎಲ್ಲ ಸೇರಿ ಒಂದು ಲಕ್ಷದ ಮೂವತ್ತೆಂಟು ಸಾವಿರ. ಅಷ್ಟೇ. ಯಾಕೆ ಬದಲಾಯಿಸ್ಬೇಕು ಅನ್ನೋದು ಈ ಹಾಳೆಯಲ್ಲಿ ಎಲ್ಲೂ ಇಲ್ಲವಲ್ಲ! ಜೀವಮಾನವೆಲ್ಲ ಲೆಕ್ಕ ಹೇಳಿಕೊಟ್ಟವರು ನೀವು. ಹಂತ ಒಂದೂ ಬರೀದೆ ಬರೀ ಉತ್ತರ ಬರೆದ ಹುಡುಗನಿಗೆ ಪೂರ್ತಿ ಮಾರ್ಕ್ಸ್ ಕೊಟ್ಟಿದೀರಾ ಯಾವತ್ತಾದ್ರೂ?

ಹಾಗಂತ ಅವರು ಮೋಸ ಮಾಡ್ತಿದಾರೆ ಅಂತ ನಾನು ಹೇಳೋಲ್ಲ. ಗ್ಯಾರೇಜಿನವರೆಲ್ಲ ಕಳ್ಳರು ಅಂತ ನಿಮ್ಮ ಮಗ ಫೋನಲ್ಲಿ ಅಂದನಂತೆ. ಆ ಮಾತು ನನಗೆ ಹಿಡಿಸಲಿಲ್ಲ. ಗಾಡಿ ಕೆಳಗೆ ಮಲಗಿ ಮೈಯೆಲ್ಲ ಗ್ರೀಸು ಮಾಡ್ಕೊಂಡು ದುಡಿಯೋ ಜನ. ಆದ್ರೆ ಪ್ರಾಮಾಣಿಕನೂ ತಪ್ಪು ಹೇಳಬಹುದು. ಹಾಗಾಗಿ ಆತ ಒಳ್ಳೆಯವನೋ ಕೆಟ್ಟವನೋ ಅನ್ನೋ ಯೋಚನೆ ಬಿಡಿ. ಏನೇನು ಪರೀಕ್ಷೆ ಮಾಡಿದೆ, ಏನು ಕಂಡಿತು ಅಂತ ಕೇಳಿ.

ನಿಮ್ಮದು ಎಎಂಟಿ ಗಾಡಿ. 2014ರಲ್ಲಿ ಸೆಲೆರಿಯೋ ಜೊತೆ ನಮ್ಮ ರಸ್ತೆಗಿಳೀತಲ್ಲ, ಆ ಜಾತಿಯದು. ಒಳಗಿರೋದು ಮಾಮೂಲಿ ಗೇರ್‌ಬಾಕ್ಸೇ. ಎಡಗಾಲಲ್ಲಿ ಕ್ಲಚ್ ತುಳಿಯೋದು, ಎಡಗೈಲಿ ಗೇರ್ ಹಾಕೋದು, ಈ ಎರಡು ಕೆಲಸಾನೂ ಆಕ್ಚುಯೇಟರ್ ಮಾಡುತ್ತೆ. ಅದಕ್ಕೆ ಅಪ್ಪಣೆ ಕೊಡೋದು ಒಂದು ಪುಟ್ಟ ಕಂಪ್ಯೂಟರ್. ಈಗ ಗೇರ್ ಬೀಳ್ತಿಲ್ಲ, ಗಾಡಿ ಎಗರಾಡುತ್ತೆ ಅಂದ್ರೆ ತೊಂದರೆ ಎಲ್ಲಿ ಬೇಕಾದ್ರೂ ಇರಬಹುದು. ಬ್ಯಾಟರಿ ಸೋತಿದ್ರೂ ಹಾಗಾಗುತ್ತೆ. ಅರ್ತ್ ವೈರು ತುಕ್ಕು ಹಿಡಿದಿರಬಹುದು, ಕನೆಕ್ಟರಿಗೆ ನೀರು ಹೋಗಿರಬಹುದು, ಆಕ್ಚುಯೇಟರ್ ಎಣ್ಣೆ ಸೋರಿರಬಹುದು. ಇನ್ನು ಕ್ಲಚ್ ಪ್ಲೇಟ್ ಇದ್ದೇ ಇದೆ. ದಸರಾ ಹೊತ್ತಲ್ಲಿ ಚಾಮುಂಡಿ ಬೆಟ್ಟದ ಏರಿನಲ್ಲಿ ಸಾಲುಗಟ್ಟಿ ನಿಂತಾಗ ಬ್ರೇಕ್ ಹಿಡೀದೆ ಆಕ್ಸಿಲರೇಟರಿನಲ್ಲೇ ಗಾಡಿ ತಡೆದು ನಿಲ್ಲಿಸ್ತಾರಲ್ಲ, ಆಗ ಸವೆಯೋದು ಅದೇ. ಒಳಗಿನ ಹಲ್ಲುಚಕ್ರಗಳು ಸಾಮಾನ್ಯವಾಗಿ ಕ್ಲಚ್‌ಗಿಂತ ಬಹಳ ಕಾಲ ಬಾಳ್ತವೆ. ಇವನ್ನೆಲ್ಲ ದಾಟಿ ಅವರು ನೇರವಾಗಿ ಕೊನೇ ಬಾಗಿಲಿಗೇ ಹೇಗೆ ಹೋದ್ರು, ಅದು ನನಗೆ ತಿಳೀಬೇಕು.

ಏನಂದ್ರಿ, ಸ್ಕ್ಯಾನರ್‌ನಲ್ಲಿ ಬಂತಾ? ಯಾವ ಕೋಡು? ಪಿ0700. ಅಯ್ಯೋ ಮೇಷ್ಟ್ರೇ, ಗೇರ್‌ಬಾಕ್ಸಿನ ಕಂಪ್ಯೂಟರ್ ತನ್ನಲ್ಲೊಂದು ದೋಷ ದಾಖಲಾಗಿದೆ ಅಂತ ಇಂಜಿನ್ ಕಂಪ್ಯೂಟರಿಗೆ ತಿಳಿಸಿದೆ, ಆ ಕೋಡಿನ ಅರ್ಥ ಅಷ್ಟೇ. ಯಾವ ದೋಷ ಅನ್ನೋದು ಗೇರ್‌ಬಾಕ್ಸಿನ ಕಂಪ್ಯೂಟರಿನ ಒಳಗೇ ಕೂತಿರುತ್ತೆ. ಅಲ್ಲೀತನಕ ಹೋಗಿ ಓದೋ ಸ್ಕ್ಯಾನರ್ ಬೇರೆ ಬೇಕು. ಓದಿದ್ರೂ ಅದು ದಿಕ್ಕು ತೋರಿಸುತ್ತೆ. ಇಂಥದೇ ಭಾಗ ಕೆಟ್ಟಿದೆ ಅಂತ ಸಹಿ ಹಾಕಿ ಕೊಡೋಲ್ಲ. ಒಳಗಿನ ಕೋಡ್ ಏನು ಅಂತ ಬರೆಸಿಕೊಳ್ಳಿ.

ಇನ್ನೊಂದು ಗ್ಯಾರೇಜಿಗೂ ತೋರಿಸಿ. ಅಲ್ಲಿ ಮೊದಲನೆಯವರು ಹೇಳಿದ್ದನ್ನ ಮಾತ್ರ ಬಾಯಿಬಿಡಬೇಡಿ, ಈ ಹಾಳೇನೂ ತೋರಿಸಬೇಡಿ. ಒಮ್ಮೆ ಗೇರ್‌ಬಾಕ್ಸ್ ಅಂತ ಕಿವಿಗೆ ಬಿದ್ರೆ ಎರಡನೆಯವರ ಕಣ್ಣೂ ಅಲ್ಲೇ ನಿಲ್ಲುತ್ತೆ. ಬೆಳಿಗ್ಗೆ ತಣ್ಣಗಿದ್ದಾಗ ಸರಿ ಇರುತ್ತೆ, ಅರ್ಧ ಗಂಟೆ ಓಡಿದ ಮೇಲೆ ಎರಡನೇ ಗೇರಿಗೆ ಜಗ್ಗುತ್ತೆ ಅಂತ ನನಗೆ ಹೇಳಿದ್ರಲ್ಲ, ಅಷ್ಟೇ ಹೇಳಿ. ಗಾಡಿ ಬಿಸಿಯಾಗೋವರೆಗೂ ಅವರನ್ನೇ ಓಡಿಸೋಕೆ ಹೇಳಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ. "ಬಿಚ್ಚಿ ನೋಡದೆ ಹೇಳೋಕಾಗಲ್ಲ ಸಾರ್" ಅಂದವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಬಿಚ್ಚೋದಾದ್ರೆ ಇಳಿಸೋ ಕೂಲಿಗಷ್ಟೇ ಮೊದಲು ಒಪ್ಕೊಳ್ಳಿ. ಎಣ್ಣೆ ಇಳಿಸುವಾಗ ಎದುರಿಗೇ ನಿಂತಿರಿ. ಮ್ಯಾಗ್ನೆಟ್ ಇದ್ರೆ ಅದರ ಮೇಲೆ ಸಣ್ಣ ಬೂದಿಯಂಥ ಪುಡಿ ಕಂಡ್ರೆ ಹೆದರಬೇಡಿ, ಓಡಿದ ಗಾಡಿಗೆ ಅದು ಸಹಜ. ಲೋಹದ ಚೂರು, ಮುರಿದ ಹಲ್ಲು ಸಿಕ್ಕಿದ್ರೆ ಅವರು ಹೇಳಿದ್ದರಲ್ಲಿ ಸತ್ಯ ಇದೆ; ಆಗ ದುಡ್ಡಿಗೆ ಹಿಂಜರಿದು ಅದನ್ನೇ ಓಡಿಸಬೇಡಿ, ಗಾಡಿಯಲ್ಲಿ ನಿಮ್ಮ ಮನೆಯವರೂ ಜೊತೆಗಿರ್ತಾರೆ. ಬರೀ ಕ್ಲಚ್ ಸೆಟ್ ಬದಲಾಯಿಸಿದ್ರೂ ಆಮೇಲೆ ಸ್ಕ್ಯಾನರ್ ಹಾಕಿ ಹೊಸ ಕ್ಲಚ್ಚನ್ನ ಕಂಪ್ಯೂಟರಿಗೆ ಪರಿಚಯ ಮಾಡಿಸಬೇಕು. ಅದನ್ನ ಬಿಟ್ರೆ ಹಳೇ ಎಗರಾಟ ಹಾಗೇ ಉಳಿಯುತ್ತೆ, ಆಗಲೂ ಬೈಗುಳ ಗೇರ್‌ಬಾಕ್ಸಿಗೇ.

ವಾರಂಟಿ ಕಾಗದ ಇನ್ನೂ ಇದ್ಯಾ ಹುಡುಕಿ. ಕ್ಲಚ್ ಪ್ಲೇಟಿಗೆ ಸಾಮಾನ್ಯವಾಗಿ ಸಿಗೋಲ್ಲ, ಗೇರ್‌ಬಾಕ್ಸಿಗೆ ಸಿಗಬಹುದು. ತೆಗೆದ ಭಾಗ ವಾಪಸ್ ಬೇಕು ಅಂತ ಈಗಲೇ ಹೇಳಿಡಿ. ಎಕ್ಸ್‌ಚೇಂಜ್ ಲೆಕ್ಕದಲ್ಲಿ ಅವರೇ ಇಟ್ಕೊಳ್ಳೋದಾದ್ರೆ ತಗೊಂಡು ಹೋಗೋ ಮುಂಚೆ ತೋರಿಸಲಿ. ನಿಮ್ಮ ಪೆನ್ಷನ್ ದುಡ್ಡು ಇದು, ಕೇಳೋದಕ್ಕೆ ಸಂಕೋಚ ಯಾಕೆ? ನಾಳೆ ಹೋಗುವಾಗ ಒಂದು ಕೂಗು ಹಾಕಿ, ನಾನೂ ಬರ್ತೀನಿ. ಅಲ್ಲೀತನಕ ಅಡ್ವಾನ್ಸ್ ಮಾತ್ರ ಕೊಡಬೇಡಿ.